ಮನೆಮನೆಯ ಬಾಗಿಲು ತಟ್ಟಿದ ಪಂಡಿತ

ಒಂದು ಜನಸಮುದಾಯವನ್ನು ಕುರಿತು ತೀರ್ಪು ಕೊಡುವುದು ಸುಲಭ. ಆ ಜನರ ಹೊಸ್ತಿಲವರೆಗೆ ಹೋಗಿ ಅವರ ಬಾಳನ್ನು ಕೇಳಿ ತಿಳಿಯುವುದು ಕಷ್ಟ. ಈ ಕಷ್ಟವನ್ನು ತಾವೇ ಕೈಗೊಂಡು ಸಮಾಜಶಾಸ್ತ್ರಕ್ಕೆ ಹೊಸ ಹಾದಿಯೊಂದನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ವಿಲಿಯಂ ಎಡ್ವರ್ಡ್ ಬರ್ಗ್‌ಹಾರ್ಟ್ ಡು ಬಾಯ್ಸ್ ಅಗ್ರಗಣ್ಯರು.

ಡು ಬಾಯ್ಸ್ ಹುಟ್ಟಿದ್ದು 1868ನೆಯ ಇಸವಿಯಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರೇಟ್ ಬ್ಯಾರಿಂಗ್ಟನ್ ಎಂಬ ಸಣ್ಣ ಊರಿನಲ್ಲಿ. ಗುಲಾಮಗಿರಿ ಕಾನೂನಿನ ಮೂಲಕ ಅಳಿದು ಆಗ ಮೂರೇ ವರ್ಷವಾಗಿತ್ತು. ಕರಿಯ ಕುಲದ ಈ ಬಾಲಕ ಬುದ್ಧಿಬಲವೊಂದನ್ನೇ ನೆಚ್ಚಿಕೊಂಡು ಫಿಸ್ಕ್ ವಿಶ್ವವಿದ್ಯಾನಿಲಯವನ್ನೂ ಅನಂತರ ಹಾರ್ವರ್ಡನ್ನೂ ಸೇರಿದನು. 1892ರಿಂದ ಎರಡು ವರ್ಷ ಬರ್ಲಿನ್ನಿನಲ್ಲಿ ವ್ಯಾಸಂಗ ನಡೆಯಿತು. ಮೊದಲು ಸಂಗತಿಗಳನ್ನು ಕಲೆಹಾಕಬೇಕು, ಸಿದ್ಧಾಂತ ಅವುಗಳ ಹಿಂದೆ ಬರಬೇಕು ಎಂಬ ಪಾಠವನ್ನು ಅಲ್ಲಿ ಅರ್ಥಶಾಸ್ತ್ರಜ್ಞ ಗುಸ್ಟಾವ್ ಷ್ಮೊಲರ್ ಅವರಿಂದ ಕಲಿತರು. 1895ರಲ್ಲಿ ಹಾರ್ವರ್ಡಿನ ಡಾಕ್ಟರೇಟ್ ಪದವಿ ದೊರೆಯಿತು. ಅಲ್ಲಿ ಆ ಪದವಿಯನ್ನು ಪಡೆದ ಕರಿಯರಲ್ಲಿ ಅವರೇ ಮೊದಲಿಗರು.

ಮರುವರ್ಷ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದಿಂದ ಕರೆ ಬಂದಿತು. ಫಿಲಡೆಲ್ಫಿಯ ನಗರದ ಏಳನೆಯ ವಾರ್ಡಿನಲ್ಲಿ ಕರಿಯರು ದಟ್ಟವಾಗಿ ನೆಲಸಿದ್ದರು. ಊರು ಕೆಡುತ್ತಿರುವುದು ಇವರಿಂದಲೇ ಎಂಬ ಭಾವನೆ ಅಲ್ಲಿನ ಗಣ್ಯರಲ್ಲಿ ಬೇರೂರಿತ್ತು. ಅದಕ್ಕೊಂದು ಶಾಸ್ತ್ರೀಯ ಆಧಾರ ಒದಗಲಿ ಎಂಬುದೇ ಒಳಗಿನ ಆಸೆಯಾಗಿತ್ತೆಂದು ಡು ಬಾಯ್ಸ್ ಮುಂದೆ ಸ್ಮರಿಸಿಕೊಂಡಿದ್ದಾರೆ. ಅವರಿಗೆ ಸಿಕ್ಕಿದ್ದು ಸಹಾಯಕನ ಸ್ಥಾನ. ತರಗತಿಯಿಲ್ಲ, ಶಿಷ್ಯರಿಲ್ಲ. ಹೊಸದಾಗಿ ಕೈಹಿಡಿದ ಪತ್ನಿ ನೀನಾ ಅವರೊಡನೆ ಆ ವಾರ್ಡಿನ ಬಡವರ ಕೇರಿಯಲ್ಲಿಯೇ, ಉಪಾಹಾರಗೃಹವೊಂದರ ಮೇಲಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದರು.

1896ನೆಯ ಆಗಸ್ಟಿನಲ್ಲಿ ಕೆಲಸ ಆರಂಭವಾಯಿತು. ಇಡೀ ನಗರವನ್ನು ತೂಗಿ ನೋಡುವ ಆಡಂಬರ ಅವರಿಗೆ ಬೇಕಿರಲಿಲ್ಲ. ಒಂದೇ ವಾರ್ಡು, ಆದರೆ ಅದನ್ನು ಸಮಗ್ರವಾಗಿ. ಅದಕ್ಕಾಗಿ ಆರು ಬಗೆಯ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿದರು: ಕುಟುಂಬಕ್ಕೊಂದು, ವ್ಯಕ್ತಿಗೊಂದು, ವಾಸದ ಮನೆಗೊಂದು, ಬೀದಿಗೊಂದು, ಸಂಘಸಂಸ್ಥೆಗಳಿಗೊಂದು, ಮನೆಗೆಲಸದ ಆಳುಗಳಿಗೊಂದು. ಗಣತಿದಾರರನ್ನು ಕೂಲಿಗೆ ಗೊತ್ತುಮಾಡದೆ ತಾವೇ ಮನೆಯಿಂದ ಮನೆಗೆ ನಡೆದರು. ಪಡಸಾಲೆಯಲ್ಲೋ ಅಡಿಗೆಯ ಮನೆಯಲ್ಲೋ ಕುಳಿತು, ಒಂದೊಂದು ಮನೆಯಲ್ಲಿ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಮಾತನಾಡಿದರು. ಮನೆಯವರು ಸಿಗದಿದ್ದರೆ ಎರಡನೆಯ ಸಲ, ಮೂರನೆಯ ಸಲ ಹೋದರು. ಉತ್ತರ ಸುಳ್ಳೆಂದು ಕಂಡಾಗ ಆ ಜಾಗವನ್ನು ಬರಿದೇ ಬಿಟ್ಟದ್ದೂ ಉಂಟು. ಹೀಗೆ ಸುಮಾರು 2,500 ಮನೆಗಳ, 9,675 ಜನರ ವಿವರ ಕೂಡಿತು. ಮನೆಮನೆಯ ಸ್ಥಿತಿಯನ್ನು ಬಣ್ಣಗಳಿಂದ ಗುರುತಿಸಿದ ನಕ್ಷೆಯೊಂದು ಸಿದ್ಧವಾಯಿತು. ತಮ್ಮ ಎಣಿಕೆಯಲ್ಲಿ ತಪ್ಪುಗಳಿಗೆ ಅವಕಾಶ ಬಹಳವಿದೆಯೆಂದು ಗ್ರಂಥದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ.

ಕೇರಿಯ ಜನ ಅವರನ್ನು ಹಾರ ಹಾಕಿ ಎದುರುಗೊಳ್ಳಲಿಲ್ಲ. ವಿಚಿತ್ರ ಪ್ರಾಣಿಯೋ ಎಂಬಂತೆ ತಮ್ಮನ್ನು ಪರೀಕ್ಷಿಸುವುದು ಅವರಿಗೆ ನೋವಿನ ಸಂಗತಿಯಾಗಿತ್ತು. ಕೇಳಲು ಬಂದವನು ತಮ್ಮವನೇ ಆದರೂ ಪರದೇಶಗಳಲ್ಲಿ ಓದಿ ಬಂದವನು. ತನ್ನ ಜನವನ್ನು ತಾನೇ ಸರಿಯಾಗಿ ಅರಿತಿಲ್ಲವೆಂಬ ಅರಿವು ಆ ಹೊಸ್ತಿಲುಗಳಲ್ಲಿ ಡು ಬಾಯ್ಸ್ ಅವರಿಗೆ ಉಂಟಾಯಿತು. ಸಮೀಕ್ಷೆ ನಡೆಸುವವನನ್ನೂ ಸಮೀಕ್ಷೆ ತಿದ್ದುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

1899ರಲ್ಲಿ 'ದಿ ಫಿಲಡೆಲ್ಫಿಯ ನೀಗ್ರೋ' ಪ್ರಕಟವಾಯಿತು. ಗಣ್ಯರು ನಿರೀಕ್ಷಿಸಿದ ಉತ್ತರ ಅದರಲ್ಲಿರಲಿಲ್ಲ. ಕರಿಯರೆಂದರೆ ಒಂದೇ ಅಚ್ಚಿನ ಜನವಲ್ಲ, ಅವರಲ್ಲಿಯೂ ಹಲವು ವರ್ಗಗಳಿವೆ ಎಂಬುದನ್ನು ಅಂಕಿ ಅಂಶಗಳು ತೋರಿಸಿದವು. ಕೆಟ್ಟ ಮನೆಗಳಿಗೆ ಹೆಚ್ಚಿನ ಬಾಡಿಗೆ, ಕಸುಬು ಕಲಿತವನಿಗೂ ಕಾರ್ಖಾನೆಯಲ್ಲಿ ಮುಚ್ಚಿದ ಬಾಗಿಲು, ಕೊನೆಗೆ ಉಳಿಯುವುದು ಮನೆಗೆಲಸ. ಬಡತನ ಹಾಗೂ ಅಪರಾಧಗಳ ಬೇರು ಹುಟ್ಟುಗುಣದಲ್ಲಿಲ್ಲ, ಗುಲಾಮಗಿರಿಯ ಇತಿಹಾಸದಲ್ಲಿ, ವಲಸೆಯಲ್ಲಿ, ಸುತ್ತಣ ಸಮಾಜದ ವರ್ಣದ್ವೇಷದಲ್ಲಿ ಇದೆಯೆಂದು ಅವರು ಸಾಧಿಸಿದರು. ತಮ್ಮ ಜನರ ದೋಷಗಳನ್ನೂ ಮುಚ್ಚಿಡಲಿಲ್ಲ. ಕೆಲವೆಡೆ ಅವರ ನೀತಿಬೋಧೆ ಇಂದಿನ ಓದುಗನಿಗೆ ಕಠೋರವೆನಿಸಿದರೂ ಆಶ್ಚರ್ಯವಿಲ್ಲ.

ಜಗತ್ತು ಅನ್ಯಾಯ ಮಾಡುವುದು ಅಜ್ಞಾನದಿಂದ, ಸತ್ಯವನ್ನು ತಿಳಿಸಿದರೆ ಅದು ತಿದ್ದಿಕೊಂಡೀತು—ಇದು ತರುಣ ಪಂಡಿತರ ನಂಬಿಕೆ. ಅದೇ 1899ರ ಏಪ್ರಿಲಿನಲ್ಲಿ ಈ ನಂಬಿಕೆಗೆ ಪೆಟ್ಟು ಬಿತ್ತು. ಆಗ ಅವರು ಜಾರ್ಜಿಯ ಸಂಸ್ಥಾನದ ಅಟ್ಲಾಂಟದಲ್ಲಿ ಪ್ರಾಧ್ಯಾಪಕರು. ಸ್ಯಾಮ್ ಹೋಸ್ ಎಂಬ ಕರಿಯ ಕೂಲಿಯಾಳಿನ ಮೇಲೆ ಕೊಲೆಯ ಆರೋಪ ಬಂದಿತ್ತು. ಸತ್ಯಾಂಶಗಳನ್ನು ತೂಗಿ ಬರೆದ ಹೇಳಿಕೆಯೊಂದನ್ನು ಹಿಡಿದು ಡು ಬಾಯ್ಸ್ ಪತ್ರಿಕಾ ಕಚೇರಿಯತ್ತ ಹೊರಟರು. ಗುಂಪು ಅಷ್ಟರಲ್ಲಿ ಅವನನ್ನು ಸುಟ್ಟು ಕೊಂದಿದೆಯೆಂದೂ, ಅವನ ಬೆರಳಗಂಟುಗಳು ಅದೇ ದಾರಿಯ ಅಂಗಡಿಯಲ್ಲಿ ಪ್ರದರ್ಶನಕ್ಕಿವೆಯೆಂದೂ ದಾರಿಯಲ್ಲಿ ತಿಳಿಯಿತು. ಅವರು ಮನೆಗೆ ಹಿಂದಿರುಗಿದರು. ಜನ ಹೀಗೆ ಸಾಯುತ್ತಿರುವಾಗ ತಣ್ಣಗೆ ಅಂಕಿ ಎಣಿಸುತ್ತ ಕೂಡುವುದು ಸಾಧ್ಯವಿಲ್ಲವೆಂದು ಅವರಿಗನ್ನಿಸಿತು.

ಅಟ್ಲಾಂಟದ ಸಂಶೋಧನೆ ಆ ಬಳಿಕವೂ ಕೆಲವು ವರ್ಷ ನಡೆಯಿತು. ಆದರೆ 1910ರಲ್ಲಿ ಅವರು ವಿಶ್ವವಿದ್ಯಾನಿಲಯವನ್ನು ತೊರೆದು, ಕರಿಯರ ಹಕ್ಕುಗಳಿಗಾಗಿ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ರಾಷ್ಟ್ರೀಯ ಸಂಘದ 'ಕ್ರೈಸಿಸ್' ಪತ್ರಿಕೆಯ ಸಂಪಾದಕರಾದರು. 1961ರಲ್ಲಿ ಘಾನಾ ದೇಶಕ್ಕೆ ತೆರಳಿ, 1963ನೆಯ ಆಗಸ್ಟ್ 27ರಂದು, ತೊಂಬತ್ತೈದರ ವಯಸ್ಸಿನಲ್ಲಿ, ಅಕ್ರಾ ನಗರದಲ್ಲಿ ನಿಧನರಾದರು. ಮರುದಿನ ವಾಷಿಂಗ್ಟನ್ನಿನಲ್ಲಿ ನಾಗರಿಕ ಹಕ್ಕುಗಳಿಗಾಗಿ ನೆರೆದ ಮಹಾಸಭೆಗೆ ಅವರ ಮರಣವಾರ್ತೆಯನ್ನು ಅರುಹಲಾಯಿತು.

ತರಗತಿಯೊಂದನ್ನೂ ಒಪ್ಪಿಸದ ಆ ವಿಶ್ವವಿದ್ಯಾನಿಲಯ 2012ರಲ್ಲಿ ಅವರಿಗೆ ಗೌರವ ಪ್ರಾಧ್ಯಾಪಕ ಪದವಿಯನ್ನಿತ್ತಿತು. ಸತ್ಯವನ್ನು ಅರಿತ ಮಾತ್ರಕ್ಕೆ ಲೋಕ ತಿದ್ದಿಕೊಳ್ಳುವುದಿಲ್ಲ, ನಿಜ. ಆದರೆ ಹೋರಾಟಕ್ಕೆ ಇಳಿದ ಡು ಬಾಯ್ಸ್ ಬರಿಗೈಯಲ್ಲಿರಲಿಲ್ಲ. ಎರಡೂವರೆ ಸಾವಿರ ಮನೆಗಳಲ್ಲಿ ಕೇಳಿದ ಮಾತು ಅವರ ಬೆನ್ನಿಗಿತ್ತು.