ಫಾರಂ ನಂಬರ್ ಏಳು ಮತ್ತು ನಮ್ಮ ಜಿಲ್ಲೆಯ ದೇವರಾಜ ಅರಸು

ಸುವರ್ಣ ಮಹೋತ್ಸವದ ಸಂಚಿಕೆಗೆ ನಮ್ಮ ಜಿಲ್ಲೆಯ ಹಿರಿಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ಹೆಸರನ್ನು ಆರಿಸಲು ನನಗೆ ಹೊತ್ತು ಹಿಡಿಯಲಿಲ್ಲ. ಈ ಶಾಲೆಯ ಮೊದಲ ತಂಡಗಳಲ್ಲಿ ಓದಿದವನು ನಾನು. ಮುಂದೆ ಇಲ್ಲಿಯೇ ಸಮಾಜ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ನಮ್ಮ ಶಾಲೆಯ ಬಾಗಿಲು ತೆರೆದ ಕಾಲ ಮತ್ತು ಕರ್ನಾಟಕದ ಗೇಣಿದಾರರು ತಮ್ಮ ಹೊಲಕ್ಕಾಗಿ ಅರ್ಜಿ ಹಾಕಿದ ಕಾಲ ಎರಡೂ ಒಂದೇ. ಆ ಅರ್ಜಿಗೆ ಕಾರಣರಾದವರು ಡಿ. ದೇವರಾಜ ಅರಸು.

ಮೈಸೂರಿನಲ್ಲಿ ದೇವರಾಜ ಅರಸು ರಸ್ತೆಯನ್ನು ತುಳಿಯದ ವಿದ್ಯಾರ್ಥಿ ಇಲ್ಲ. ಹಬ್ಬಕ್ಕೆ ಬಟ್ಟೆ, ಜೂನ್ ತಿಂಗಳಲ್ಲಿ ಶೂ, ಎಲ್ಲಕ್ಕೂ ಅಲ್ಲಿಗೇ ಹೋಗುತ್ತೇವೆ. ಆದರೂ ಅರಸು ಎಂದರೆ ಯಾರು ಎಂದು ತರಗತಿಯಲ್ಲಿ ಕೇಳಿದಾಗ, ಹಿಂದಿನ ಕಾಲದ ಯಾವನೋ ರಾಜ ಎಂಬ ಉತ್ತರವೇ ಹೆಚ್ಚಾಗಿ ಬರುತ್ತಿತ್ತು. ಪಕ್ಕದಲ್ಲೇ ಇರುವ ದೇವರಾಜ ಮಾರುಕಟ್ಟೆಯೂ ಅವರದೇ ಹೆಸರಿನದು ಎಂದು ಬಹಳ ಮಕ್ಕಳು ತಿಳಿದಿದ್ದರು. ಮಾರುಕಟ್ಟೆಯ ಹೆಸರು ಒಡೆಯರ ವಂಶದ್ದು. ರಸ್ತೆಯ ಹೆಸರು ಹುಣಸೂರು ತಾಲ್ಲೂಕಿನ ಒಬ್ಬ ರೈತನದು.

ದೇವರಾಜ ಅರಸು ಹುಟ್ಟಿದ್ದು 1915ರ ಆಗಸ್ಟ್ 20ರಂದು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ. ಅರಸು ಜನಾಂಗ ರಾಜಮನೆತನಕ್ಕೆ ಬಂಧುತ್ವ ಇದ್ದ ಜನಾಂಗ. ಸಂಖ್ಯೆಯಲ್ಲಿ ಮಾತ್ರ ಬಹಳ ಚಿಕ್ಕದು. ಆ ಜನಾಂಗದ ಹುಡುಗರಿಗೆಂದೇ ಮಹಾರಾಜರು ಮೈಸೂರಿನಲ್ಲಿ ಸ್ಥಾಪಿಸಿದ್ದ ಅರಸು ಬೋರ್ಡಿಂಗ್ ಶಾಲೆಯಲ್ಲಿ ಅವರ ಓದು ನಡೆಯಿತು. ಅಲ್ಲಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದರು. ತಮ್ಮ ಕೆಂಪರಾಜ ಅರಸು ಸಿನಿಮಾ ರಂಗ ಸೇರಿ ಹೆಸರು ಮಾಡಿದರು. ಅಣ್ಣ ಪದವಿ ಹಿಡಿದುಕೊಂಡು ಊರಿಗೆ ಮರಳಿದರು. ಅರಮನೆಯ ಕಡೆಯಿಂದ ಒಂದು ನೌಕರಿ ಸಿಗುವುದು ಆ ಕಾಲದಲ್ಲಿ ಅವರಿಗೆ ಕಷ್ಟವಿರಲಿಲ್ಲ. ಆದರೆ ಅವರು ಕಲ್ಲಹಳ್ಳಿಯ ತಮ್ಮ ಜಮೀನಿನಲ್ಲಿ ಬೇಸಾಯಕ್ಕೆ ನಿಂತರು. ಗದ್ದೆಯ ಕೆಸರಿನ ಪರಿಚಯ ಇದ್ದವರು ಕಾಯಿದೆ ಮಾಡಿದರೆ ಹೇಗಿರುತ್ತದೆ ಎಂಬುದಕ್ಕೆ ಮುಂದಿನ ಕಥೆಯೇ ಸಾಕ್ಷಿ.

1941ರಲ್ಲಿ ಅವರು ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಆಯ್ಕೆಯಾದರು. 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಹುಣಸೂರಿನಿಂದ ಗೆದ್ದು ವಿಧಾನಸಭೆಗೆ ಬಂದರು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷ ಶಾಸಕರಾಗಿ, ಮಂತ್ರಿಯಾಗಿ ಅನುಭವ ಪಡೆದರು. 1969ರಲ್ಲಿ ಕಾಂಗ್ರೆಸ್ ಎರಡಾದಾಗ ರಾಜ್ಯದ ದೊಡ್ಡ ನಾಯಕರಲ್ಲಿ ಹೆಚ್ಚಿನವರು ಎಸ್. ನಿಜಲಿಂಗಪ್ಪನವರ ಕಡೆ ಉಳಿದರು; ಅರಸು ಇಂದಿರಾ ಗಾಂಧಿಯವರ ಕಡೆ ನಿಂತರು. 1972ರ ಚುನಾವಣೆಯಲ್ಲಿ ಆ ಪಕ್ಷ ಭಾರಿ ಬಹುಮತ ಗಳಿಸಿತು. ಆ ಸಲ ತಾವು ಸ್ಪರ್ಧಿಸದೆ ಪಕ್ಷವನ್ನು ನಡೆಸಿದ್ದ ಅರಸು 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು. ಅವರ ಕಾಲದಲ್ಲೇ, 1973ರ ನವೆಂಬರ್ 1ರಂದು, ಮೈಸೂರು ರಾಜ್ಯ ಕರ್ನಾಟಕವಾಯಿತು.

ಈಗಿನ ವಿದ್ಯಾರ್ಥಿಗಳಿಗೆ ಗೇಣಿ ಎಂದರೇನೆಂದು ಸ್ವಲ್ಪ ಬಿಡಿಸಿ ಹೇಳಬೇಕು. ಜಮೀನು ಒಬ್ಬರ ಹೆಸರಿನಲ್ಲಿ, ದುಡಿಮೆ ಇನ್ನೊಬ್ಬರದು. ಬೆಳೆದದ್ದರಲ್ಲಿ ಅರ್ಧ ಕೊಟ್ಟರೆ ವಾರ. ಇಷ್ಟು ಖಂಡುಗ ಎಂದು ಮೊದಲೇ ಗೊತ್ತುಮಾಡಿದರೆ ಗುತ್ತಿಗೆ. ಮಳೆ ಬಾರದಿದ್ದರೂ ಗುತ್ತಿಗೆ ಅಳೆಯಲೇಬೇಕು. ಕಾಗದ ಪತ್ರ ಇಲ್ಲ, ರಸೀದಿ ಇಲ್ಲ. ಒಡೆಯರಿಗೆ ಬೇಸರವಾದರೆ ಮುಂದಿನ ವರ್ಷ ಹೊಲ ಬೇರೆಯವನಿಗೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಈ ಪದ್ಧತಿ ಬಹಳ ಬಿಗಿಯಾಗಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಶಾಂತವೇರಿ ಗೋಪಾಲಗೌಡರು ಅದರ ಮುಂದಾಳಾದರು, ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. ನಮ್ಮ ಮೈಸೂರಿನ ಕಡೆ ಗೇಣಿ ಅಷ್ಟು ವ್ಯಾಪಕವಾಗಿರಲಿಲ್ಲ. ಹಾಗಿದ್ದರೂ ಜೋಡಿ ಗ್ರಾಮಗಳಲ್ಲಿ, ನಾಲೆಯ ಕೆಳಗಿನ ಗದ್ದೆಗಳಲ್ಲಿ ವಾರಕ್ಕೆ ಮಾಡುವವರು ಸಾಕಷ್ಟು ಮಂದಿ ಇದ್ದರು.

ಕಾಯಿದೆ ಮೊದಲು ಇರಲಿಲ್ಲವೆಂದಲ್ಲ. ಬಿ.ಡಿ. ಜತ್ತಿಯವರ ಸಮಿತಿಯ ವರದಿಯ ಮೇಲೆ, ಕಡಿದಾಳ್ ಮಂಜಪ್ಪನವರ ಶ್ರಮದಿಂದ, 1961ರಲ್ಲೇ ಭೂಸುಧಾರಣಾ ಕಾಯಿದೆ ಆಗಿತ್ತು. ಅದು ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಆದರೆ ಸ್ವಂತ ಸಾಗುವಳಿ ಮಾಡುತ್ತೇನೆಂದು ಹೇಳಿ ಗೇಣಿದಾರನಿಂದ ಹೊಲ ಬಿಡಿಸಿಕೊಳ್ಳಲು ಅದರಲ್ಲಿ ದಾರಿ ಇತ್ತು. ಅಪೀಲು, ಮೇಲಿನ ಅಪೀಲು ಎಂದು ಅಲೆಯುವ ಶಕ್ತಿ ಇದ್ದವನು ಒಡೆಯ, ಗೇಣಿದಾರನಲ್ಲ. ಕಾಯಿದೆ ಬರುತ್ತದೆ ಎಂಬ ಸುದ್ದಿಗೇ ಎಷ್ಟೋ ಒಕ್ಕಲುಗಳನ್ನು ಎಬ್ಬಿಸಲಾಯಿತು.

ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಆ ದಿನ ಗೇಣಿಯಲ್ಲಿದ್ದ ಎಲ್ಲ ಜಮೀನೂ ಸರ್ಕಾರದಲ್ಲಿ ನಿಹಿತವಾಯಿತು. ಉಳುತ್ತಿದ್ದವನು ಫಾರಂ ನಂಬರ್ ಏಳರಲ್ಲಿ ಅರ್ಜಿ ಹಾಕಿ ತನ್ನನ್ನು ಅಧಿಭೋಗದಾರನೆಂದು ನೋಂದಾಯಿಸಿಕೊಳ್ಳಬೇಕು. ಅರ್ಜಿಯನ್ನು ತೀರ್ಮಾನಿಸಲು ತಾಲ್ಲೂಕು ಮಟ್ಟದಲ್ಲಿ ಭೂ ನ್ಯಾಯ ಮಂಡಳಿ. ಅದರ ಅಧ್ಯಕ್ಷರು ಉಪವಿಭಾಗದ ಅಸಿಸ್ಟೆಂಟ್ ಕಮಿಷನರು; ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿಲ್ಲ. ಸಿವಿಲ್ ಕೋರ್ಟಿಗೆ ಇದರಲ್ಲಿ ಅಧಿಕಾರವಿಲ್ಲ. ಅರಸು ಅವರ ಬುದ್ಧಿ ಕಾಣುವುದು ಇಲ್ಲಿಯೇ. ಯಾರು ಯಾವ ಹೊಲ ಉಳುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿ. ಕೋರ್ಟಿಗೆ ಮಾತ್ರ ಗೊತ್ತಿರುವುದಿಲ್ಲ. ಆದ್ದರಿಂದ ತೀರ್ಪನ್ನು ಊರಿನ ಹತ್ತಿರಕ್ಕೆ ತಂದರು. ರಸೀದಿ ಇಲ್ಲದವನಿಗೆ ಅಕ್ಕಪಕ್ಕದ ಹೊಲದವನ ಸಾಕ್ಷಿ ಒದಗಿತು.

ನಮ್ಮ ತಂದೆಯವರೂ ಅಂತಹ ಒಬ್ಬ ಗೇಣಿದಾರರು. ಈಗ ನಗರದ ಬಡಾವಣೆಯಾಗಿರುವ ನಮ್ಮೂರಿನಲ್ಲಿ ಎರಡು ಎಕರೆ ಗದ್ದೆಯನ್ನು ಅವರ ತಂದೆಯ ಕಾಲದಿಂದ ವಾರಕ್ಕೆ ಮಾಡುತ್ತಿದ್ದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಫಾರಂ ನಂಬರ್ ಏಳನ್ನು ತುಂಬಿದವನು ನಾನು, ಈ ಶಾಲೆಯ ಒಂಬತ್ತನೇ ತರಗತಿಯ ವಿದ್ಯಾರ್ಥಿ. ಸರ್ವೆ ನಂಬರು, ಚೆಕ್ಕುಬಂದಿ ಎಂದರೇನೆಂದು ನಮಗೆ ತಿಳಿಸಿದವರು ನಮ್ಮ ಮೇಷ್ಟ್ರು. ಸಂಜೆ ಬೆಲ್ ಹೊಡೆದ ಮೇಲೆ ಬೆಂಚಿನ ಮೇಲೆ ಕೂರಿಸಿಕೊಂಡು ತೋರಿಸಿಕೊಟ್ಟರು. ನನ್ನ ಹಾಗೆ ಇನ್ನೂ ಮೂರು ನಾಲ್ಕು ಹುಡುಗರು ತಮ್ಮ ಮನೆಯ ಅರ್ಜಿ ಬರೆದರು. ನಮ್ಮ ಶಾಲೆಯ ಕಟ್ಟಡಕ್ಕೆ ಆಗ ಸರಿಯಾದ ಬಾಗಿಲು ಕಿಟಕಿ ಇರಲಿಲ್ಲ, ಆದರೆ ಅಲ್ಲಿ ಕಲಿತ ಅಕ್ಷರ ನಾಲ್ಕು ಮನೆಗೆ ಅನ್ನವಾಯಿತು.

ಗದ್ದೆಯ ಒಡತಿ ಮೈಸೂರಿನ ಅಗ್ರಹಾರದಲ್ಲಿದ್ದ ವಿಧವೆ, ವಯಸ್ಸಾದವರು. ದೊಡ್ಡ ಜಮೀನ್ದಾರರಲ್ಲ, ಆ ಎರಡು ಎಕರೆಯ ಅರ್ಧ ಭತ್ತವೇ ಅವರ ಜೀವನ. ಸುಗ್ಗಿಯಾದ ಮೇಲೆ ಗಾಡಿಯಲ್ಲಿ ಭತ್ತ ಹೇರಿಕೊಂಡು ಹೋಗಿ ಅವರ ಹಜಾರದಲ್ಲಿ ಅಳೆದು ಬರುತ್ತಿದ್ದೆವು. ನ್ಯಾಯ ಮಂಡಳಿಯ ಮುಂದೆ ಅವರು ಸುಳ್ಳು ಹೇಳಲಿಲ್ಲ. ಉಳುತ್ತಿರುವವರು ನಮ್ಮ ತಂದೆಯೇ ಎಂದು ಒಪ್ಪಿದರು. ಗದ್ದೆ ನಮ್ಮದಾಯಿತು. ಕಾಯಿದೆಯಲ್ಲಿ ಪರಿಹಾರ ಗೊತ್ತುಮಾಡಿದ್ದರು. ಅದು ಮಾರುಕಟ್ಟೆಯ ಬೆಲೆಯೂ ಅಲ್ಲ, ವರ್ಷ ವರ್ಷ ಮನೆಗೆ ಬರುವ ಭತ್ತವೂ ಅಲ್ಲ. ಅವರು ಬದುಕಿರುವವರೆಗೂ ಪ್ರತಿ ಸುಗ್ಗಿಗೆ ನಮ್ಮ ತಂದೆ ಹೊಸ ಅಕ್ಕಿಯ ಒಂದು ಮೂಟೆಯನ್ನು ಅವರ ಮನೆಗೆ ಇಳಿಸಿ ಬರುತ್ತಿದ್ದರು. ಕಾಯಿದೆ ಅದನ್ನು ಕೇಳಿರಲಿಲ್ಲ. ಕಾಯಿದೆಯಿಂದ ನಮಗಾದ ಒಳಿತನ್ನು ಹೇಳುವಾಗ ಆ ಹಜಾರವನ್ನೂ ನೆನೆಯಬೇಕೆಂದು ನನಗೆ ಅನ್ನಿಸುತ್ತದೆ. ಹತ್ತೂರಿನ ಒಡೆಯನನ್ನೂ ಎರಡೆಕರೆಯ ವಿಧವೆಯನ್ನೂ ಒಂದೇ ಗೆರೆ ಎಳೆದು ಅಳೆದದ್ದು ಆ ಕಾಯಿದೆಯ ಕೊರತೆಗಳಲ್ಲಿ ಒಂದು.

ಕೊರತೆಗಳು ಇನ್ನೂ ಇದ್ದವು. ರಾಜ್ಯದಾದ್ಯಂತ ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ಅರ್ಧಕ್ಕಿಂತ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಇದು ದೇಶದಲ್ಲೇ ದೊಡ್ಡ ಸಾಧನೆ. ಕೇರಳದ ಕಾಯಿದೆಯ ಜೊತೆಯಲ್ಲಿ ಇದನ್ನು ಇಟ್ಟು ನೋಡುತ್ತಾರೆ. ಆದರೆ ಕೂಲಿ ಮಾಡುತ್ತಿದ್ದವನಿಗೆ ಗೇಣಿಯೂ ಇರಲಿಲ್ಲ, ಅರ್ಜಿಯೂ ಇರಲಿಲ್ಲ. ಒಡೆಯನ ನೆಲದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕೂಲಿಕಾರನಿಗೆ ಆ ಮನೆಯಡಿಯ ಜಾಗ ಸಿಗುವಂತೆ ಕಾಯಿದೆ ಮಾಡಿತು, ಹೊಲ ಸಿಗಲಿಲ್ಲ. ಕುಟುಂಬಕ್ಕೆ 10 ಯೂನಿಟ್, ಒಣಭೂಮಿಯಾದರೆ 54 ಎಕರೆ, ಎಂಬ ಮಿತಿಯಿಂದ ಹಂಚಲು ದೊರೆತ ಜಮೀನು ನಿರೀಕ್ಷೆಗಿಂತ ಬಹಳ ಕಡಿಮೆ. ನಾಟಿ, ಕಳೆ ಎಲ್ಲದರಲ್ಲೂ ಬೆನ್ನು ಬಗ್ಗಿಸಿದ ಹೆಂಗಸರ ಹೆಸರು ಪಹಣಿಗೆ ಬಂದದ್ದು ಅಪರೂಪ. ಊರಿಗೆ ಹತ್ತಿರವಾದ ಮಂಡಳಿ ಊರಿನ ಬಲಾಢ್ಯರಿಗೂ ಹತ್ತಿರವೇ ಆಗಿತ್ತು. ಸದಸ್ಯರು ನೆಟ್ಟಗಿದ್ದ ಕಡೆ ನ್ಯಾಯ ಬೇಗ ಸಿಕ್ಕಿತು, ಇಲ್ಲದ ಕಡೆ ಹೈಕೋರ್ಟಿನವರೆಗೆ ರಿಟ್ ಅರ್ಜಿಗಳು ಹೋದವು.

ಭೂಸುಧಾರಣೆಯ ಜೊತೆಗೇ ಅರಸು ಇನ್ನೂ ಹಲವು ಕೆಲಸ ಹಿಡಿದರು. ಎಲ್.ಜಿ. ಹಾವನೂರರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ನೇಮಿಸಿದರು. 1975ರಲ್ಲಿ ಅದರ ವರದಿ ಬಂತು. ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿದರು, ಜೀತಗಾರರ ಬಿಡುಗಡೆಗೆ, ಬಡವರ ಸಾಲಮನ್ನಾಕ್ಕೆ ಕ್ರಮ ಕೈಗೊಂಡರು. ಅವರ ಮೇಲೆ ಭ್ರಷ್ಟಾಚಾರದ ಆರೋಪಗಳೂ ಬಂದವು. ವಿಚಾರಣೆಗೆ ಕೇಂದ್ರ ಸರ್ಕಾರ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. 1977ರ ಕೊನೆಯ ದಿನ ಅವರ ಸರ್ಕಾರ ಹೋಯಿತು. 1978ರ ಫೆಬ್ರವರಿಯಲ್ಲಿ ಜನ ಮತ್ತೆ ಅವರನ್ನೇ ಆರಿಸಿದರು. ಅದೇ ವರ್ಷ ಇಂದಿರಾ ಗಾಂಧಿಯವರನ್ನು ಚಿಕ್ಕಮಗಳೂರಿನಿಂದ ಲೋಕಸಭೆಗೆ ಗೆಲ್ಲಿಸಿಕೊಟ್ಟರು. ಮರುವರ್ಷವೇ ಇಬ್ಬರ ದಾರಿ ಬೇರೆಯಾಯಿತು. 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷ ನೆಲಕಚ್ಚಿತು, ಅಧಿಕಾರವೂ ಹೋಯಿತು. ಕ್ರಾಂತಿರಂಗ ಎಂಬ ಹೊಸ ಪಕ್ಷ ಕಟ್ಟುತ್ತಿರುವಾಗಲೇ 1982ರ ಜೂನ್ 6ರಂದು ತೀರಿಕೊಂಡರು. ಆಗ ಅವರಿಗೆ 66 ವರ್ಷ. ಹೊಲ ಪಡೆದವರೆಲ್ಲ ಅವರಿಗೇ ಮತ ಕೊಡಲಿಲ್ಲವೆಂದು ಆಗ ಕೆಲವರು ಆಡಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅದು ಅವರ ಸೋಲಲ್ಲ. ಯಾರ ಮುಲಾಜೂ ಇಲ್ಲದೆ ಮತ ಹಾಕುವ ಧೈರ್ಯ ಗೇಣಿದಾರನಿಗೆ ಬಂದದ್ದೇ ಹೊಲ ಸ್ವಂತವಾದ ಮೇಲೆ.

ಆ ಕಾಯಿದೆಯ ಇನ್ನೊಂದು ಭಾಗವನ್ನು ಈ ದಿನ ನೆನೆಯುವುದು ಅಗತ್ಯ. ನೋಂದಣಿಯಾದ ಹೊಲವನ್ನು 15 ವರ್ಷ ಮಾರುವಂತಿರಲಿಲ್ಲ. ಕೃಷಿಕನಲ್ಲದವನು ಕೃಷಿಭೂಮಿ ಕೊಳ್ಳದಂತೆ 79ಎ, 79ಬಿ ಕಲಮುಗಳು ತಡೆದಿದ್ದವು. 15 ವರ್ಷ ಕಳೆಯಿತು. ಮೈಸೂರು ಎಲ್ಲ ದಿಕ್ಕಿಗೂ ಬೆಳೆಯಿತು. ವರ್ತುಲ ರಸ್ತೆಯ ಸುತ್ತಲಿನ ಗದ್ದೆಗಳಲ್ಲಿ ಸೈಟಿನ ಕಲ್ಲುಗಳು ಎದ್ದವು. ನಮ್ಮ ಎರಡು ಎಕರೆಯೂ ಅಣ್ಣತಮ್ಮಂದಿರ ಪಾಲಿನ ನಂತರ ಬಡಾವಣೆಗೆ ಸೇರಿತು. ಆ ಹಣದಲ್ಲಿ ನಮ್ಮ ಮನೆಯ ಮಕ್ಕಳು ಓದಿದರು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅಕ್ಕಿಯನ್ನು ಈಗ ಅಂಗಡಿಯಿಂದ ತರುತ್ತೇವೆ. 2020ರಲ್ಲಿ 79ಎ, 79ಬಿ ಕಲಮುಗಳನ್ನೂ ತೆಗೆದುಹಾಕಲಾಯಿತು.

ಗೇಣಿ ಕಾನೂನಿನಲ್ಲಿ ನಿಷೇಧವಾಗಿದೆ, ಹಳ್ಳಿಯಲ್ಲಿ ನಿಂತಿಲ್ಲ. ಪಟ್ಟಣ ಸೇರಿದವರ ಹೊಲವನ್ನು ಇಂದಿಗೂ ಬಾಯಿಮಾತಿನ ಮೇಲೆ ವಾರಕ್ಕೋ ಗುತ್ತಿಗೆಗೋ ಮಾಡುವವರು ಇದ್ದಾರೆ. ಪಹಣಿಯಲ್ಲಿ ಅವರ ಹೆಸರಿಲ್ಲ. ಆದ್ದರಿಂದ ಬೆಳೆಸಾಲ, ಬೆಳೆವಿಮೆ, ಬರ ಪರಿಹಾರ ಇವು ಅವರನ್ನು ತಲುಪುವುದು ಕಷ್ಟ. ಬೆಳೆ ಹೋದರೆ ನಷ್ಟ ಉತ್ತವನದು, ಪರಿಹಾರ ಹೆಸರಿದ್ದವನದು. ಅರಸು ಅವರ ಕಾಲದಲ್ಲಿ ತಾಲ್ಲೂಕು ಮಂಡಳಿ ಮಾಡಿದ ಮೊದಲ ಕೆಲಸವನ್ನು, ಅಂದರೆ ಯಾರು ಉಳುತ್ತಿದ್ದಾರೆಂದು ಸ್ಥಳದಲ್ಲೇ ಗೊತ್ತುಮಾಡಿ ಬರೆದಿಡುವುದನ್ನು, ಇಂದು ಗ್ರಾಮ ಪಂಚಾಯಿತಿಗಳು ಮಾಡಬಲ್ಲವು. ಒಡೆತನದ ಮಾತನ್ನು ಮುಟ್ಟದೆ, ಆ ವರ್ಷದ ಸಾಗುವಳಿದಾರನನ್ನು ಮಾತ್ರ ದಾಖಲಿಸಿದರೂ ಬಹಳ ಉಪಕಾರವಾಗುತ್ತದೆ.

ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ವೃತ್ತಿ ಎಂಬ ಕಾಲಂ ಇದೆ. ನಾನು ಉಪಾಧ್ಯಾಯನಾಗಿದ್ದಾಗ ಹಳೆಯ ಪುಟಗಳನ್ನು ತಿರುವಿ ನೋಡಿದ್ದೇನೆ. ಮೊದಲ ವರ್ಷಗಳಲ್ಲಿ ಕೂಲಿ ಎಂದು ಬರೆಸಿದ ಕೆಲವು ಮನೆಗಳ ಕಿರಿಯ ಮಕ್ಕಳು ಸೇರುವ ಹೊತ್ತಿಗೆ ಅದೇ ಕಾಲಂನಲ್ಲಿ ವ್ಯವಸಾಯ ಎಂದಿದೆ. ವಿದ್ಯಾರ್ಥಿಗಳು ಆಗಸ್ಟ್ 20ರಂದು ಅರಸು ಅವರ ಭಾವಚಿತ್ರಕ್ಕೆ ಹೂವಿನ ಹಾರ ಹಾಕುವುದರ ಜೊತೆಗೆ ಇನ್ನೊಂದು ಕೆಲಸ ಮಾಡಲಿ: ಮನೆಯ ಹಳೆಯ ಟ್ರಂಕಿನಲ್ಲಿ ಫಾರಂ ನಂಬರ್ ಹತ್ತು ಎಂಬ ಅಧಿಭೋಗದ ಹಕ್ಕುಪತ್ರ ಇದೆಯೇ ಎಂದು ಅಜ್ಜ ಅಜ್ಜಿಯರನ್ನು ಕೇಳಲಿ. ಇದ್ದರೆ ಅದರಲ್ಲಿನ ಸರ್ವೆ ನಂಬರು ಈಗ ಎಲ್ಲಿದೆ, ಅಲ್ಲಿ ಏನು ಬೆಳೆಯುತ್ತಿದೆ, ಯಾರು ಬೆಳೆಯುತ್ತಿದ್ದಾರೆ ಎಂದು ಹೋಗಿ ನೋಡಿ ಬರಲಿ.