ಲಿವರ್ ಎಂಬ ಜಕಾತಿ ನಾಕಾ

ಗೋಪನಕೊಪ್ಪದ ನಮ್ಮ ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂತೆಂದರೆ ರಾತ್ರಿ ಅರಿಷಿಣದ ಹಾಲು ತಪ್ಪುತ್ತಿರಲಿಲ್ಲ. ಅಜ್ಜಿ ಅದಕ್ಕೆ ನಾಲ್ಕು ಕರಿಮೆಣಸು ಜಜ್ಜಿ ಹಾಕುತ್ತಿದ್ದಳು. ಗಂಟಲು ಉರಿಯುತ್ತದೆ ಎಂದು ಮುಖ ಕಿವಿಚಿದರೆ, “ಕಫಾ ಕರಗತೈತಿ, ಸುಮ್ಮನ ಕುಡದು ಮಲಕೋ” ಅನ್ನುವಳು. ಮೆಣಸಿಗೂ ಅರಿಷಿಣಕ್ಕೂ ಹೊಟ್ಟೆಯೊಳಗೆ ಇನ್ನೊಂದು ನಂಟಿದೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆ ನಂಟು ಇರುವುದು ಲಿವರಿನಲ್ಲಿ.

ಮಕ್ಕಳೇ, ಹಿಂದೆ ನಮ್ಮ ಊರುಗಳ ಬಾಗಿಲಲ್ಲಿ ಜಕಾತಿ ನಾಕಾ ಇರುತ್ತಿತ್ತು. ಗಾಡಿ ನಿಲ್ಲಿಸಿ, ಸರಕು ನೋಡಿ, ಸುಂಕ ಇಸಿದುಕೊಂಡೇ ಒಳಗೆ ಬಿಡುವುದು. ನುಂಗಿದ ಗುಳಿಗೆಗೂ ಹಾಗೆಯೇ. ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರಿಗೆ ಬರುತ್ತದೆ. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಜೀವಕೋಶಗಳಿಗೆ ಪುಟ್ಟ ಪುಟ್ಟ ಬಾಗಿಲುಗಳಿವೆ. ಕೆಲವು ಔಷಧವನ್ನು ಒಳಗೆ ಎಳೆದುಕೊಳ್ಳುತ್ತವೆ, ಕೆಲವು ಪಿತ್ತರಸಕ್ಕೆ ತಳ್ಳುತ್ತವೆ. ನಡುವೆ ಕೂತಿರುವ ಕಿಣ್ವಗಳು ಔಷಧದ ರೂಪವನ್ನೇ ಬದಲಿಸುತ್ತವೆ. ಇವುಗಳಲ್ಲಿ ದೊಡ್ಡ ಬಳಗದ ಹೆಸರು ಸೈಟೋಕ್ರೋಮ್ ಪಿ-450. ಹೆಸರಿಟ್ಟವರು ಜಪಾನಿನ ಒಮುರಾ ಮತ್ತು ಸಾಟೊ, 1962ರಲ್ಲಿ. ಪಿ ಅಂದರೆ ಪಿಗ್ಮೆಂಟ್, ಬಣ್ಣ. 450 ಅದು ಹೀರುವ ಬೆಳಕಿನ ಅಲೆಯ ಅಳತೆ. ನಮ್ಮ ರಕ್ತವನ್ನು ಕೆಂಪಗೆ ಮಾಡುವ ಹೀಮ್ ಎಂಬ ವಸ್ತುವೇ ಇದರೊಳಗೂ ಇದೆ.

ಈ ನಾಕಾವನ್ನು ಬೆಂಗಳೂರಿನಲ್ಲಿ ಕೂತು ದಶಕಗಟ್ಟಲೆ ಕಾದು ನೋಡಿದವರು ಜಿ. ಪದ್ಮನಾಭನ್. 1938ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. ದೆಹಲಿಯಲ್ಲಿ ಮಣ್ಣಿನ ರಸಾಯನಶಾಸ್ತ್ರ ಓದಿ, ಆಮೇಲೆ ನಾವು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದವರು ಅಲ್ಲಿಯೇ ನೆಲೆ ನಿಂತರು. 1994ರಿಂದ 1998ರವರೆಗೆ ಅದರ ನಿರ್ದೇಶಕರಾಗಿದ್ದರು. 2024ರಲ್ಲಿ ಮೊತ್ತಮೊದಲ ವಿಜ್ಞಾನ ರತ್ನ ಪುರಸ್ಕಾರ ಸಂದದ್ದೂ ಇವರಿಗೇ.

ಅವರು ಹಿಡಿದ ಪ್ರಶ್ನೆ ಮಜವಾಗಿದೆ. ಫಿಟ್ಸ್ ರೋಗಕ್ಕೆ ಕೊಡುವ ಫೆನೋಬಾರ್ಬಿಟಾಲ್ ಎಂಬ ಹಳೆಯ ಔಷಧವನ್ನು ಇಲಿಗೆ ಕೊಟ್ಟರೆ ಅದರ ಲಿವರಿನಲ್ಲಿ ಪಿ-450 ಕಿಣ್ವ ಹೆಚ್ಚುತ್ತದೆ. ಜಾತ್ರೆಯ ಗಾಡಿಗಳು ಸಾಲುಗಟ್ಟಿದಾಗ ನಾಕಾದಲ್ಲಿ ಹೆಚ್ಚು ಕಾರಕೂನರನ್ನು ಕೂರಿಸಿದಂತೆ! ಹೆಚ್ಚು ಜನ ಬೇಕೆಂದು ಅಪ್ಪಣೆ ಕೊಟ್ಟವರು ಯಾರು? ಪದ್ಮನಾಭನ್ ಮತ್ತು ಸಂಗಡಿಗರು ಹುಡುಕುತ್ತ ಜೀನ್‌ವರೆಗೆ ಹೋದರು. ಆ ಕಿಣ್ವದ ಜೀನ್ ಹೆಚ್ಚು ಹೆಚ್ಚು ನಕಲಾಗುತ್ತಿತ್ತು, ಮತ್ತು ಆ ನಕಲಿಗೆ ಹೀಮ್‌ನ ಕುಮ್ಮಕ್ಕೂ ಇತ್ತು.

ಹೀಮ್‌ನ ಬೆನ್ನು ಹತ್ತಿದವರು ಮಲೇರಿಯಾಕ್ಕೆ ಬಂದರು. ಕೆಂಪು ರಕ್ತಕಣದಲ್ಲಿ ಬೇಕಾದಷ್ಟು ಹೀಮ್ ಇದ್ದರೂ ಮಲೇರಿಯಾದ ಪರಾವಲಂಬಿ ತನ್ನದನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು 1992ರಲ್ಲಿ ನಮಿತಾ ಸುರೋಲಿಯಾ ಜೊತೆ ಬರೆದರು. 2005-06ರಲ್ಲಿ ಅವರ ತಂಡ ಅದೇ ಪರಾವಲಂಬಿಯ ಮೇಲೆ ಅರಿಷಿಣದ ಕರ್ಕ್ಯುಮಿನ್ ಬಿಟ್ಟು ನೋಡಿತು. ಗಾಜಿನ ತಟ್ಟೆಯಲ್ಲಿ ಅದು ಸತ್ತಿತು. ರೋಗ ಹತ್ತಿಸಿದ ಇಲಿಗಳಲ್ಲೂ ಫಲ ಕಂಡಿತು.

ಆದರೆ ಮನುಷ್ಯ ನುಂಗಿದ ಕರ್ಕ್ಯುಮಿನ್ ಈ ನಾಕಾ ದಾಟುವುದೇ ಕಷ್ಟ. ಕರುಳಿನ ಗೋಡೆ ಮತ್ತು ಲಿವರ್ ಅದಕ್ಕೆ ಗ್ಲುಕುರೋನಿಕ್ ಆಮ್ಲದ ಚೀಟಿ ಅಂಟಿಸಿ ಹೊರಗೆ ದಬ್ಬುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟಾಗ ರಕ್ತದಲ್ಲಿ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಜೊತೆಗೆ ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟರು. ಪ್ರಮಾಣ 2000 ಪ್ರತಿಶತ ಏರಿತು. ಚೀಟಿ ಅಂಟಿಸುವವರ ಕೈಯನ್ನು ಮೆಣಸು ಹಿಡಿದಿತ್ತು.

ಈ 2000 ಎಂಬ ಸಂಖ್ಯೆಯನ್ನು ಇವತ್ತು ಗುಳಿಗೆ ಮಾರುವ ಎಲ್ಲರೂ ಬಾಯಿಪಾಠ ಮಾಡಿಕೊಂಡಿದ್ದಾರೆ. ಸೊನ್ನೆಯ ಹತ್ತಿರದ್ದು ಇಪ್ಪತ್ತು ಪಟ್ಟಾದರೂ ದೊಡ್ಡದೇನಲ್ಲ ಎಂದು ಅವರು ಹೇಳುವುದಿಲ್ಲ. ಅಜ್ಜಿಯ ಚಿಟಿಕೆ ಅರಿಷಿಣದಲ್ಲಿ ಕರ್ಕ್ಯುಮಿನ್ ಇರುವುದೇ ನೂರಕ್ಕೆ ಮೂರರಷ್ಟು. 2 ಗ್ರಾಮಿಗೆ ಅದು ಎಲ್ಲಿ ಸಾಟಿ? ಹಾಲು ಕುಡಿಯಿರಿ, ಚೆನ್ನಾಗಿರುತ್ತದೆ. ಆದರೆ ಮೆಣಸಿನ ಸಾರ ಬೆರೆಸಿದ ಅರಿಷಿಣದ ಗುಳಿಗೆ ನುಂಗಿ ಲಿವರಿಗೇ ಪೆಟ್ಟು ಮಾಡಿಕೊಂಡವರನ್ನು ಅಮೆರಿಕದ ವೈದ್ಯರು ದಾಖಲಿಸಿದ್ದಾರೆ.

ಮೆಣಸಿನಂತೆಯೇ ಕೈ ಹಿಡಿಯುವ ಇನ್ನೊಂದು ವಸ್ತು ನಿಮ್ಮ ಫ್ರಿಜ್ಜಿನಲ್ಲೇ ಇರಬಹುದು: ಗ್ರೇಪ್‌ಫ್ರೂಟ್ ರಸ. ಕೆನಡಾದ ಒಂಟಾರಿಯೋದಲ್ಲಿ ಡೇವಿಡ್ ಬೇಲಿ ಎಂಬವರು ಔಷಧದ ಜೊತೆ ಆಲ್ಕೋಹಾಲ್ ಕೊಟ್ಟು ನೋಡುವ ಪ್ರಯೋಗದಲ್ಲಿ, ಆಲ್ಕೋಹಾಲಿನ ರುಚಿ ಮರೆಸಲೆಂದು ಆ ರಸ ಬಳಸಿದರು. ಬಿಪಿ ಔಷಧ ಫೆಲೋಡಿಪಿನ್ ರಕ್ತದಲ್ಲಿ ಎಣಿಸದಷ್ಟು ಏರಿಬಿಟ್ಟಿತು. 1989ರ ಮಾತು ಇದು. ಆ ರಸ ಕಟ್ಟಿಹಾಕಿದ್ದು ಕರುಳಿನ ಗೋಡೆಯಲ್ಲಿರುವ ಪಿ-450 ಬಳಗದ್ದೇ ಒಂದು ಕಿಣ್ವವನ್ನು. ಗ್ರೇಪ್‌ಫ್ರೂಟು ನಮ್ಮ ಚಕ್ಕೋತದ ಮಗು, ಕಿತ್ತಳೆಯೊಂದಿಗೆ ಬೆರೆತು ಹುಟ್ಟಿದ್ದು. ಹುಬ್ಬಳ್ಳಿಯಿಂದ ಅಜ್ಜ ಬಂದು ಬೆಳಗ್ಗೆ ಬಿಪಿ, ಕೊಲೆಸ್ಟ್ರಾಲ್ ಗುಳಿಗೆಗಳ ಡಬ್ಬಿ ಬಿಚ್ಚಿದಾಗ, ಪಕ್ಕದ ಲೋಟದಲ್ಲಿ ಯಾವ ರಸವಿದೆ ಎಂದು ಒಮ್ಮೆ ಮೂಸಿ ನೋಡಿ.