ಅನಾಥರ ಬಂಧು ಕೋರ್ಚಾಕ್

ತಂದೆತಾಯಿಗಳಿಲ್ಲದ ಮಗುವಿಗೆ ಅನ್ನ, ಬಟ್ಟೆ, ಆಶ್ರಯಗಳನ್ನು ನೀಡುವುದು ದೊಡ್ಡ ಧರ್ಮವೆಂದು ಎಲ್ಲ ಸಮಾಜಗಳೂ ಒಪ್ಪಿವೆ. ಆದರೆ ಆ ಮಗು ಬೆಳೆದು ಅನಾಥಾಲಯದ ಹೊಸ್ತಿಲನ್ನು ದಾಟುವ ದಿನ ಅದರ ಕೈಹಿಡಿಯುವವರು ಯಾರು? ಮನೆಯಿರುವ ಹುಡುಗನು ಹೊರಗೆ ಸೋತರೆ ಮನೆಗೆ ಮರಳುತ್ತಾನೆ. ಅನಾಥಾಲಯದಲ್ಲಿ ಬೆಳೆದವನಿಗೆ ಮರಳಲು ಬೇರೊಂದು ಮನೆಯಿಲ್ಲ. ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಹೊತ್ತು ನಡೆದ ಮಹನೀಯರಲ್ಲಿ ಪೋಲೆಂಡ್ ದೇಶದ ಯಾನುಷ್ ಕೋರ್ಚಾಕ್ ಒಬ್ಬರು.

ಕೋರ್ಚಾಕರ ನಿಜನಾಮಧೇಯ ಹೆನ್ರಿಕ್ ಗೋಲ್ಡ್‌ಷ್ಮಿಟ್. ಅವರು ವಾರ್ಸಾ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಹೆಸರಾಂತ ವಕೀಲರು. ಹುಟ್ಟಿದ ಮನೆಯಲ್ಲಿ ಸಿರಿಯಿತ್ತು. ಆದರೆ ಅದು ಉಳಿಯಲಿಲ್ಲ. ತಂದೆ ಮನೋರೋಗಕ್ಕೆ ತುತ್ತಾಗಿ 1896ರಲ್ಲಿ ತೀರಿಕೊಂಡರು. ಶಾಲೆಯಲ್ಲಿ ಓದುತ್ತಿದ್ದ ಹುಡುಗನು ಇತರರ ಮಕ್ಕಳಿಗೆ ಮನೆಪಾಠ ಹೇಳಿ ಸಂಸಾರಕ್ಕೆ ನೆರವಾಗಬೇಕಾಯಿತು. ಆಸರೆ ತಪ್ಪಿದ ಎಳೆಯನ ಪಾಡು ಏನೆಂಬುದು ಅವರಿಗೆ ಹೀಗೆ ಸ್ವಾನುಭವದಿಂದಲೇ ತಿಳಿಯಿತು. 1898ರಲ್ಲಿ ಸಾಹಿತ್ಯ ಸ್ಪರ್ಧೆಯೊಂದಕ್ಕಾಗಿ ಅವರು ಇಟ್ಟುಕೊಂಡ ‘ಯಾನುಷ್ ಕೋರ್ಚಾಕ್’ ಎಂಬ ಕಾವ್ಯನಾಮವೇ ಮುಂದೆ ಲೋಕಪ್ರಸಿದ್ಧವಾಯಿತು.

ವೈದ್ಯವಿದ್ಯೆಯನ್ನು ಮುಗಿಸಿದ ಕೋರ್ಚಾಕರು ಮಕ್ಕಳ ಆಸ್ಪತ್ರೆಯೊಂದರಲ್ಲಿ ವೈದ್ಯರಾದರು. ಆದರೆ ಔಷಧ ಕೊಟ್ಟು ಗುಣಪಡಿಸಿದ ಮಗುವು ಮತ್ತೆ ಅದೇ ಹಸಿವಿಗೆ, ಅದೇ ಬೀದಿಗೆ ಹಿಂದಿರುಗುವುದನ್ನು ಕಂಡು ಅವರ ಮನಸ್ಸು ತಲ್ಲಣಿಸಿತು. 1912ರಲ್ಲಿ ವಾರ್ಸಾದ ಕ್ರೋಖ್ಮಾಲ್ನಾ ಬೀದಿಯಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ಹೊಸದೊಂದು ಮನೆ ತೆರೆದಾಗ, ಅವರು ಆಸ್ಪತ್ರೆಯ ಕೆಲಸವನ್ನು ಬಿಟ್ಟು ಅದರ ಹೊಣೆಯನ್ನು ವಹಿಸಿಕೊಂಡರು. ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಮಹಿಳೆ ಅವರಿಗೆ ಸಹೋದ್ಯೋಗಿಯಾಗಿ, ಮಕ್ಕಳಿಗೆ ತಾಯಿಯಾಗಿ ಆ ಮನೆಯನ್ನು ನಡೆಸಿದರು. ಅಲ್ಲಿ ಸುಮಾರು 100 ಮಕ್ಕಳಿದ್ದರು.

ಶಾಲೆಯ ಓದು ಮುಗಿಸಿ, ಸುಮಾರು 14ನೆಯ ವಯಸ್ಸಿಗೆ ಮಕ್ಕಳು ಆ ಮನೆಯನ್ನು ಬಿಡಬೇಕಾಗಿತ್ತು. ಆದುದರಿಂದ ಮಗುವು ಒಳಗೆ ಕಾಲಿಟ್ಟ ದಿನದಿಂದಲೇ ಅದನ್ನು ಹೊರಗಿನ ಬಾಳಿಗೆ ಅಣಿಗೊಳಿಸಬೇಕೆಂಬುದು ಕೋರ್ಚಾಕರ ನಿಲುವಾಯಿತು. ಹೊಸದಾಗಿ ಬಂದ ಮಗುವನ್ನು ನೋಡಿಕೊಳ್ಳಲು ಅಲ್ಲಿಯೇ ಇದ್ದ ಹಿರಿಯ ಮಗುವೊಂದನ್ನು ನೇಮಿಸುತ್ತಿದ್ದರು. ಗುಡಿಸುವುದು, ಒರೆಸುವುದು, ಅಡುಗೆಮನೆಯ ನೆರವು ಮೊದಲಾದ ಕೆಲಸಗಳನ್ನು ಮಕ್ಕಳೇ ಹಂಚಿಕೊಳ್ಳುತ್ತಿದ್ದರು. ಪೊರಕೆಯೂ ಗೌರವದ ವಸ್ತುವೆಂದು ಕೋರ್ಚಾಕರು ಕಲಿಸಿದರು. ಪ್ರತಿಯೊಂದು ಮಗುವಿಗೂ ತನ್ನದೇ ಆದ ಸಣ್ಣ ಪೆಟ್ಟಿಗೆಯಿತ್ತು; ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಉದುರಿದ ಹಾಲುಹಲ್ಲನ್ನು ತಂದುಕೊಟ್ಟ ಮಗುವಿಗೆ ಕೋರ್ಚಾಕರು ಹಣ ಕೊಡುತ್ತಿದ್ದರು. ಕೈಯಲ್ಲಿ ಚಿಕ್ಕಾಸನ್ನಾದರೂ ಹಿಡಿಯದೆ ಬೆಳೆದವನು ನಾಳೆ ಸಂಬಳವನ್ನು ಹೇಗೆ ಬಳಸಬಲ್ಲನು ಎಂಬುದು ಅವರ ಆಲೋಚನೆಯಾಗಿತ್ತು.

ಆ ಮನೆಯಲ್ಲಿ ಮಕ್ಕಳದೇ ನ್ಯಾಯಾಲಯವೊಂದಿತ್ತು. ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಾಗಿತ್ತು. ಸ್ವತಃ ಕೋರ್ಚಾಕರೇ ಹಲವು ಸಲ ಆಪಾದಿತರಾಗಿ ಅದರ ತೀರ್ಪಿಗೆ ತಲೆಬಾಗಿದರು. ನ್ಯಾಯಾಲಯದ ನಿಯಮಗಳಲ್ಲಿ ಹೆಚ್ಚಿನವು ತಪ್ಪನ್ನು ಮನ್ನಿಸುವಂಥವು. 1926ರಲ್ಲಿ ಅವರು ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಆರಂಭಿಸಿದರು. ತನ್ನ ಮಾತಿಗೆ ಬೆಲೆಯಿದೆಯೆಂದು ಬಲ್ಲ ಮಗುವು ಲೋಕದ ಮುಂದೆ ಕುಗ್ಗುವುದಿಲ್ಲವೆಂದು ಅವರು ನಂಬಿದ್ದರು.

ಆದರೂ ಬೀಳ್ಕೊಡುವ ದಿನ ಕಠಿಣವಾಗಿಯೇ ಇರುತ್ತಿತ್ತು. 14 ವರ್ಷದ ಹುಡುಗನಿಗೆ ಕಸುಬು ಕೈಗೂಡಿರುವುದಿಲ್ಲ. ನಗರದಲ್ಲಿ ತಲೆಯೂರಲು ನೆಲೆಯಿರುವುದಿಲ್ಲ. ಯಹೂದಿ ಎಂಬ ಕಾರಣಕ್ಕೇ ಅವನನ್ನು ದೂರವಿಡುವ ಜನರೂ ಇದ್ದರು. ಹೊರಟು ನಿಂತ ಮಕ್ಕಳಿಗೆ ಕೋರ್ಚಾಕರು ಸುಳ್ಳು ಭರವಸೆಗಳನ್ನು ಕೊಡಲಿಲ್ಲ. ತಾನು ಕೊಡಲಾಗದುದು ಬಹಳವಿದೆಯೆಂದು ಒಪ್ಪಿಕೊಂಡು, ಸತ್ಯವೂ ನ್ಯಾಯವೂ ಇರುವ ಉತ್ತಮ ಬಾಳಿನ ಹಂಬಲವನ್ನು ಮಾತ್ರ ಅವರ ಎದೆಯಲ್ಲಿಟ್ಟು ಕಳುಹಿಸಿದರು.

ಹಂಬಲವೊಂದೇ ಹೊಟ್ಟೆ ತುಂಬಿಸಲಾರದೆಂಬುದನ್ನೂ ಅವರು ಬಲ್ಲವರಾಗಿದ್ದರು. 1920ರ ದಶಕದಲ್ಲಿ ಅದೇ ಮನೆಗೆ ಸೇರಿದಂತೆ ‘ಬುರ್ಸಾ’ ಎಂಬ ವಸತಿವ್ಯವಸ್ಥೆ ಏರ್ಪಟ್ಟಿತು. ವಯಸ್ಸು ಮೀರಿದ ಹಳೆಯ ಮಕ್ಕಳಲ್ಲಿ ಕೆಲವರೂ ಶಿಕ್ಷಕರಾಗಬಯಸುವ ತರುಣ ತರುಣಿಯರೂ ಅಲ್ಲಿ ಉಳಿಯಬಹುದಾಗಿತ್ತು. ದಿನಕ್ಕೆ ಕೆಲವು ಗಂಟೆಗಳ ಕಾಲ ಕಿರಿಯ ಮಕ್ಕಳ ಆರೈಕೆ ಮಾಡಿದರೆ ಊಟವೂ ವಸತಿಯೂ ದೊರೆಯುತ್ತಿದ್ದುವು. ಉಳಿದ ಹೊತ್ತಿನಲ್ಲಿ ಅವರು ಓದಬಹುದಾಗಿತ್ತು. ಪಡೆದವರು ಬಿಟ್ಟಿಯಾಗಿ ಪಡೆದೆವೆಂಬ ಹಂಗಿಗೆ ಒಳಗಾಗಲಿಲ್ಲ, ದುಡಿದು ಪಡೆದರು. ಅಲ್ಲಿದ್ದ ಸ್ಥಳ ಕೆಲವರಿಗೆ ಮಾತ್ರ ಸಾಲುತ್ತಿತ್ತು. ಹಲವರು ತಮ್ಮ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು. ಆದರೆ ಒಮ್ಮೆ ಹೊರಟವರು ಮತ್ತೆ ಬಂದು ಕಷ್ಟಸುಖ ಹೇಳಿಕೊಳ್ಳಲು ಆ ಬಾಗಿಲು ತೆರೆದಿತ್ತು.

1939ರಲ್ಲಿ ಜರ್ಮನಿಯ ನಾಜಿ ಸೇನೆ ಪೋಲೆಂಡನ್ನು ಆಕ್ರಮಿಸಿತು. ಮರುವರ್ಷ ವಾರ್ಸಾದ ಯಹೂದಿಗಳನ್ನು ಎತ್ತರದ ಗೋಡೆಯ ಒಳಗೆ ಕೂಡಿಹಾಕಲಾಯಿತು. ಅನಾಥಾಲಯವೂ ತನ್ನ ಕಟ್ಟಡವನ್ನು ಬಿಟ್ಟು ಅಲ್ಲಿಗೆ ಹೋಗಬೇಕಾಯಿತು. ವಯಸ್ಸಾದ ಕೋರ್ಚಾಕರು ಮಕ್ಕಳ ಒಪ್ಪೊತ್ತಿನ ಊಟಕ್ಕಾಗಿ ಬಾಗಿಲು ಬಾಗಿಲಿಗೆ ಹೋಗಿ ಬೇಡಿದರು. 1942ರ ಜುಲೈ ತಿಂಗಳಿನಲ್ಲಿ ಆ ಮಕ್ಕಳು ನಮ್ಮ ರವೀಂದ್ರನಾಥ ಠಾಕೂರರ ‘ಅಂಚೆಮನೆ’ ನಾಟಕವನ್ನು ಅಭಿನಯಿಸಿದರು. ರೋಗದಿಂದ ಮನೆಯೊಳಗೇ ಉಳಿದು, ಕಿಟಕಿಯ ಬಳಿ ಕುಳಿತು ಹೊರಗಿನ ಲೋಕಕ್ಕಾಗಿ ಹಂಬಲಿಸುವ ಬಾಲಕನ ಕಥೆಯದು.

ಕೋರ್ಚಾಕರನ್ನು ಪಾರುಮಾಡಲು ಗೋಡೆಯ ಆಚೆಯ ಮಿತ್ರರು ಸಿದ್ಧರಿದ್ದರು. ಅವರು ಒಪ್ಪಲಿಲ್ಲ. ಮಕ್ಕಳನ್ನು ಬಿಟ್ಟುಹೋಗುವುದು ಅವರಿಗೆ ಯೋಚಿಸಲೂ ಆಗದ ಮಾತಾಗಿತ್ತು. 1942ರ ಆಗಸ್ಟ್ ಮೊದಲ ವಾರದಲ್ಲಿ ಸುಮಾರು 200 ಮಕ್ಕಳೊಡನೆ ಕೋರ್ಚಾಕರನ್ನೂ ಸ್ಟೆಫಾನಿಯಾ ಅವರನ್ನೂ ಟ್ರೆಬ್ಲಿಂಕಾದ ವಧಾಶಿಬಿರಕ್ಕೆ ಸಾಗಿಸಲಾಯಿತು. ಅವರಾರೂ ಹಿಂದಿರುಗಲಿಲ್ಲ.

ಆದರೆ ಅದಕ್ಕೂ ಮುಂಚೆ ಆ ಹೊಸ್ತಿಲನ್ನು ದಾಟಿ ಹೋಗಿದ್ದ ಮಕ್ಕಳಲ್ಲಿ ಕೆಲವರು ಬದುಕಿ ಉಳಿದರು. ಅವರಲ್ಲೊಬ್ಬರಾದ ಇಟ್ಜಾಕ್ ಬೆಲ್ಫರ್ ಚಿತ್ರಕಾರರಾಗಿ, ಕೋರ್ಚಾಕರನ್ನೂ ಆ ಮನೆಯನ್ನೂ ತಮ್ಮ ಚಿತ್ರಗಳಲ್ಲಿ ಮತ್ತೆ ಮತ್ತೆ ಮೂಡಿಸಿದರು. 1989ರಲ್ಲಿ ವಿಶ್ವಸಂಸ್ಥೆಯು ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಅದರ ಮೊದಲ ಪ್ರಸ್ತಾಪವನ್ನು ಮುಂದಿಟ್ಟ ದೇಶ ಕೋರ್ಚಾಕರ ಪೋಲೆಂಡೇ ಆಗಿತ್ತು. ನಮ್ಮ ದೇಶದಲ್ಲಿಯೂ 2015ರ ಬಾಲನ್ಯಾಯ ಕಾಯಿದೆಯು, 18 ವರ್ಷ ತುಂಬಿ ಪಾಲನಾಸಂಸ್ಥೆಯನ್ನು ಬಿಟ್ಟ ತರುಣ ತರುಣಿಯರಿಗೆ 21 ವರ್ಷದವರೆಗೆ ನೆರವು ನೀಡಲು ಅವಕಾಶ ಕಲ್ಪಿಸಿದೆ.

ಕಾಯಿದೆಯು ದಾರಿಯನ್ನು ತೋರಿಸಬಲ್ಲದು. ಜೊತೆಯಲ್ಲಿ ನಡೆಯಲು ಮನುಷ್ಯರೇ ಬೇಕು. ಕೆಲಸ ಕಲಿಸುವ ಯಜಮಾನ, ಬಾಡಿಗೆಗೆ ಕೋಣೆ ಕೊಡುವ ಮನೆಯೊಡೆಯ, ಹಬ್ಬದ ದಿನ ಊಟಕ್ಕೆ ಕರೆಯುವ ನೆರೆಯವರು, ಇವರೆಲ್ಲರೂ ಆ ಕೆಲಸದಲ್ಲಿ ಪಾಲುಗಾರರು. ಸಲಹಿದ ಕೈ ಬೀಳ್ಕೊಟ್ಟ ಮೇಲೂ ಚಾಚಿಯೇ ಇರಬೇಕೆಂಬುದನ್ನು ಕೋರ್ಚಾಕರು ತಮ್ಮ ಬಾಳಿನಿಂದಲೇ ತಿಳಿಸಿಕೊಟ್ಟರು.